ಬೀಸುವ ಕಲ್ಲು ಗದ್ದಲವೇ?

ಅಜ್ಜಿ ರಾಗಿ ಬೀಸುತ್ತ ಹಾಡುವುದನ್ನು ಕಳೆದ ಬೇಸಿಗೆಯಲ್ಲಿ ಮೊಬೈಲಿನಲ್ಲಿ ಚಿತ್ರೀಕರಿಸಿದ್ದೆ. ತಲೆಯ ಮೇಲೆ ಫ್ಯಾನು, ಹೊರಗೆ ಟ್ರ್ಯಾಕ್ಟರು. ಸಂಕಲನ ತಂತ್ರಾಂಶದಲ್ಲಿ ಧ್ವನಿ ಬೇರ್ಪಡಿಸುವ ಗುಂಡಿ ಒತ್ತಿದೆ. ಫ್ಯಾನು ಹೋಯಿತು, ಟ್ರ್ಯಾಕ್ಟರು ಹೋಯಿತು, ಕಲ್ಲಿನ ಸದ್ದೂ ಹೋಯಿತು. ಅಜ್ಜಿ ಸುಮ್ಮನೆ ಗಾಳಿಯಲ್ಲಿ ಕೈ ತಿರುಗಿಸುತ್ತ ಹಾಡುತ್ತಿರುವಂತಿತ್ತು!

ಅಕ್ಕಿಯಲ್ಲಿ ಕಲ್ಲು ಆರಿಸಿದಂತೆ ಶಬ್ದವನ್ನು ಆರಿಸಲಾಗದು. ಎಲ್ಲ ಸದ್ದುಗಳೂ ಸೇರಿ ಮೈಕಿನ ತೆಳು ಪೊರೆಯನ್ನು ಒಟ್ಟಿಗೇ ಅಲುಗಿಸುತ್ತವೆ. ದಾಖಲಾಗುವುದು ಆ ಅಲುಗಾಟದ ಅಳತೆ ಮಾತ್ರ, ವಿಡಿಯೊದಲ್ಲಿ ಸಾಮಾನ್ಯವಾಗಿ ಸೆಕೆಂಡಿಗೆ 48,000 ಸಂಖ್ಯೆಗಳು. ಯಾವ ಸಂಖ್ಯೆಯಲ್ಲಿ ಫ್ಯಾನಿನ ಪಾಲೆಷ್ಟು, ಅಜ್ಜಿಯ ಪಾಲೆಷ್ಟು? ಹಾಲು ನೀರು ಬೇರೆ ಮಾಡುವ ಹಂಸವೇ ಬರಬೇಕು.

ಹಂಸದ ಮೊದಲ ಕೆಲಸ, ಶಬ್ದವನ್ನು ಚಿತ್ರವಾಗಿಸುವುದು. ಧ್ವನಿಯನ್ನು ಸೆಕೆಂಡಿನ ಕೆಲವೇ ಶತಾಂಶಗಳಷ್ಟು ಉದ್ದದ ತುಣುಕುಗಳಾಗಿಸಿ, ಪ್ರತಿ ತುಣುಕಿನಲ್ಲಿ ಯಾವ ಕಂಪನಾಂಕಕ್ಕೆ (ಸೆಕೆಂಡಿಗೆ ಎಷ್ಟು ಸಲ ಕಂಪನ ಎಂಬ ಎಣಿಕೆಗೆ) ಎಷ್ಟು ಬಲವಿದೆ ಎಂದು ಫೂರಿಯೇ ಗಣಿತದಿಂದ ಲೆಕ್ಕ ಹಾಕುತ್ತಾರೆ. ಅವನ್ನು ಸಾಲಾಗಿ ಜೋಡಿಸಿದರೆ ಅಡ್ಡಕ್ಕೆ ಕಾಲ, ಉದ್ದಕ್ಕೆ ಕಂಪನಾಂಕ ಇರುವ ನಕ್ಷೆ. ಅಜ್ಜಿ 220 ಹರ್ಟ್ಸ್‌ನಲ್ಲಿ ‘ಆ’ ಎಂದು ಎಳೆದರೆ 440, 660, 880ರಲ್ಲೂ ಗೆರೆಗಳು ಮೂಡುತ್ತವೆ, ಏಣಿಯ ಮೆಟ್ಟಿಲುಗಳಂತೆ. ರಾಗ ಏರಿದರೆ ಮೆಟ್ಟಿಲುಗಳೆಲ್ಲ ಒಟ್ಟಿಗೇ ಏರುತ್ತವೆ. ಫ್ಯಾನಿನ ಗಾಳಿಯ ಸದ್ದು ಗೋಡೆಗೆ ಬಳಿದ ಸುಣ್ಣದಂತೆ ಕಾಲದುದ್ದಕ್ಕೂ ಒಂದೇ ಸಮ. ಕಾಟ ಕೊಡುವುದು ‘ಸ’ಕಾರ. ಅದಕ್ಕೆ ಏಣಿಯೇ ಇಲ್ಲ. ಮೇಲಿನ ಕಂಪನಾಂಕಗಳಲ್ಲಿ ಚದುರಿದ ಬರಿಯ ಸುಯ್ಯೆನ್ನುವ ಉಸಿರು. ಕುಕ್ಕರಿನ ಆವಿಗೂ ಅದಕ್ಕೂ ಹತ್ತಿರದ ನಂಟು. ಅತಿಯಾಗಿ ತೊಳೆದ ಧ್ವನಿಯಲ್ಲಿ ‘ಸಾಸಿವೆ’ ತೊದಲುವುದು ಇದರಿಂದಲೇ.

1979ರಲ್ಲಿ ಸಂಶೋಧಕ ಸ್ಟೀವನ್ ಬೋಲ್ ವಿವರಿಸಿದ ವಿಧಾನ ಸರಳವಾಗಿತ್ತು: ಮಾತಿಲ್ಲದ ಕಡೆ ಗದ್ದಲವನ್ನು ಅಳೆದು, ಅದನ್ನೇ ಎಲ್ಲ ಕಡೆಯಿಂದಲೂ ಕಳೆಯುವುದು. ಫ್ಯಾನಿಗೆ ಸಾಕು. ಗೇರು ಬದಲಿಸುವ ಟ್ರ್ಯಾಕ್ಟರಿಗೆ ಸಾಲದು.

ಈಗಿನ ಕೃತಕ ನರಜಾಲಗಳಿಗೆ, ಅಂದರೆ ಉದಾಹರಣೆಗಳಿಂದ ಕಲಿಯುವ ತಂತ್ರಾಂಶಗಳಿಗೆ, ಪಾಠ ಹೇಳುವ ರೀತಿಯೇ ಬೇರೆ, ಸ್ವಲ್ಪ ತುಂಟತನದ್ದು. ಶುದ್ಧ ಧ್ವನಿಗೆ ಬೇಕೆಂದೇ ಗದ್ದಲ ಬೆರೆಸುತ್ತಾರೆ. ಉತ್ತರ ಗುರುವಿನ ಬಳಿ ಇದ್ದೇ ಇದೆ. ನಕ್ಷೆಯ ಪ್ರತಿ ಮನೆಯಲ್ಲೂ ಧ್ವನಿಯ ಪಾಲು ಸೊನ್ನೆಯಿಂದ ಒಂದರ ನಡುವೆ ಎಷ್ಟೆಂದು ಯಂತ್ರ ಊಹಿಸಬೇಕು. ತಪ್ಪಿದರೆ ತಿದ್ದುವುದು, ಮತ್ತೆ ಕೇಳುವುದು, ಲಕ್ಷಾಂತರ ಸಲ. ಹೀಗಾಗಿ ಯಾವುದು ಗದ್ದಲ ಎಂಬ ತೀರ್ಮಾನ ಪಾಠದಲ್ಲೇ ಆಗಿಬಿಟ್ಟಿರುತ್ತದೆ. ಬೀಟಲ್ಸ್ ಸಂಗೀತ ತಂಡದ ಗಾಯಕ ಜಾನ್ ಲೆನನ್‌ನ ಹಳೆಯ ಕ್ಯಾಸೆಟ್ಟಿನಲ್ಲಿ ದನಿಗೆ ಅಂಟಿಕೊಂಡಿದ್ದ ಪಿಯಾನೊವನ್ನು ಇದೇ ಬಗೆಯ ಕಲಿಕೆಯಿಂದ ಬಿಡಿಸಿದ್ದರಿಂದ 2023ರಲ್ಲಿ ಬೀಟಲ್ಸ್‌ನ ಹೊಸ ಹಾಡು ಹೊರಬಂತು. ಅಲ್ಲಿ ಯಂತ್ರಕ್ಕೆ ವಾದ್ಯದ ಗುರುತಿತ್ತು. ನನ್ನ ತಂತ್ರಾಂಶಕ್ಕೆ ಮನುಷ್ಯರ ದನಿಯೊಂದೇ ಗೊತ್ತು; ಬೀಸುವ ಕಲ್ಲೇ ಹಾಡಿನ ತಾಳವೆಂದು ಅದಕ್ಕೆ ಯಾರೂ ಹೇಳಿಕೊಟ್ಟಿಲ್ಲ.

ಗದ್ದಲ ತೆಗೆಯುವ ಪ್ರಮಾಣವನ್ನು ನೂರರಿಂದ ಅರವತ್ತಕ್ಕೆ ಇಳಿಸಿದೆ. ಕಲ್ಲು ಮೆಲ್ಲಗೆ ಗರಗರ ಎನ್ನತೊಡಗಿತು, ಹಿಂದೆಯೇ ಫ್ಯಾನೂ ಒಂದಿಷ್ಟು ಬಂತು. ಅಜ್ಜಿಗೆ ತೋರಿಸಿದ್ದು ಇದನ್ನೇ.