ಸಿಸಿ ಕೇಳುವ ಮೊದಲು ಪ್ರೊಪೆಲ್ಲರ್ ನೋಡಿ

ರೇಡಿಯೋ ಕಂಟ್ರೋಲಿನಿಂದ ಹಾರಿಸುವ ಮಾದರಿ ವಿಮಾನಕ್ಕೆ ಎಂಜಿನ್ ಹುಡುಕುವವರು ಮೊದಲು ಕೇಳುವುದು ‘ಎಷ್ಟು ಸಿಸಿ?’ ಅಂತ. ಬೈಕ್ ಕೊಂಡು ಅಭ್ಯಾಸ ನೋಡಿ. ವಿಮಾನದ ಮಟ್ಟಿಗೆ ಅದು ಕೊನೆಗೆ ಕೇಳಬೇಕಾದ ಪ್ರಶ್ನೆ. ಮೊದಲು ವಿಮಾನದ ತೂಕ, ಆಮೇಲೆ ಪ್ರೊಪೆಲ್ಲರ್, ಆ ಪ್ರೊಪೆಲ್ಲರನ್ನು ತಿರುಗಿಸಲು ಏನು ಬೇಕೋ ಅದೇ ಎಂಜಿನ್. ಇಷ್ಟನ್ನು ಒಪ್ಪಿಸಲು ನಾನು ಎಷ್ಟೋ ಸಂಜೆ ಗಂಟಲು ಹರಿದುಕೊಂಡಿದ್ದೇನೆ.

ನಮ್ಮ ಕಾಸರಗೋಡಿನ ಕಡೆ ಈ ಪ್ರಶ್ನೆಗೆ ಇನ್ನೊಂದು ರೂಪವೂ ಇದೆ. ಬದಿಯಡ್ಕ, ಪೆರ್ಲ, ಮುಳ್ಳೇರಿಯದ ಅಡಿಕೆ ತೋಟದ ಮನೆಗಳಲ್ಲಿ ಹುಲ್ಲು ಕೊಚ್ಚುವ ಮೆಷಿನ್ ಈಗ ಮಾಮೂಲು. 43 ಸಿಸಿಯದೋ 52 ಸಿಸಿಯದೋ ಟೂ ಸ್ಟ್ರೋಕ್ ಎಂಜಿನ್. ಮಳೆಗಾಲ ಮುಗಿದ ಮೇಲೆ ಅದು ಮೂಲೆ ಸೇರುತ್ತದೆ. ‘ಮಾಷ್ಟ್ರೇ, ಅದನ್ನೇ ಬಿಚ್ಚಿ ವಿಮಾನದ ಮೂತಿಗೆ ಕೂರಿಸಿದರೆ ಆಗುವುದಿಲ್ವಾ?’ ಎಂದು ಪ್ಲಸ್ ಟು ಓದುವ ಹುಡುಗರು ಕೇಳುತ್ತಾರೆ.

ಪ್ರಶ್ನೆ ದಡ್ಡತನದ್ದಲ್ಲ. ಜಪಾನಿನ ಜೆನೋಆ (Zenoah) ಕಂಪನಿ ಮರ ಕೊಯ್ಯುವ, ಹುಲ್ಲು ಕೊಚ್ಚುವ ಮೆಷಿನ್‌ಗಳ ಎಂಜಿನ್‌ಗಳನ್ನೇ ಸುಧಾರಿಸಿ ದೊಡ್ಡ ಮಾದರಿ ವಿಮಾನಗಳಿಗೆ ಕೊಟ್ಟಿತ್ತು. ಹಾಗಾಗಿ ‘ಆಗುತ್ತದೆ’ ಎಂದೇ ಉತ್ತರ. ಆದರೆ ಯಾವ ವಿಮಾನಕ್ಕೆ? ಕ್ಲಚ್, ಫ್ಯಾನ್, ಹಗ್ಗದ ಸ್ಟಾರ್ಟರ್ ಎಲ್ಲ ಕಳಚಿದರೂ ಅದು ಎರಡು ಕೆಜಿಯ ಆಸುಪಾಸು ತೂಗುತ್ತದೆ. ಕಲಿಯುವವರ ಒಂದೂವರೆ ಮೀಟರ್ ರೆಕ್ಕೆಯ ಇಡೀ ವಿಮಾನದ ತೂಕವೇ ಎರಡೂವರೆ ಕೆಜಿ. ಹುಲ್ಲಿನ ಮೆಷಿನ್‌ಗೆ ತಕ್ಕ ವಿಮಾನ ಬೇಕಾದರೆ ರೆಕ್ಕೆ ಎರಡು ಮೀಟರ್ ದಾಟಬೇಕು, ತೂಕ ಏಳೆಂಟು ಕೆಜಿ ಆಗುತ್ತದೆ, ಪ್ರೊಪೆಲ್ಲರ್ 20 ಇಂಚಿನದು ಬೇಕು. ಮೊದಲ ವಿಮಾನಕ್ಕೆ ಇದು ಖಂಡಿತ ಬೇಡ. ತೋಟದಲ್ಲಿ ಹುಲ್ಲೂ ಹಾಗೇ ಉಳಿಯುತ್ತದೆ.

ಈಗ ನನಗೆ ತುಂಬಾ ಇಷ್ಟವಾದ ವಿಷಯಕ್ಕೆ ಬರುತ್ತೇನೆ. ವಿಮಾನವನ್ನು ಎಳೆಯುವುದು ಎಂಜಿನ್ ಅಲ್ಲ, ಪ್ರೊಪೆಲ್ಲರ್ ಹಿಂದಕ್ಕೆ ತಳ್ಳುವ ಗಾಳಿ. ಒಂದು ಸೆಕೆಂಡಿನಲ್ಲಿ 1 ಕೆಜಿ ಗಾಳಿಯನ್ನು ಸೆಕೆಂಡಿಗೆ 20 ಮೀಟರ್ ವೇಗಕ್ಕೆ ತಂದಿರಿ ಅಂದುಕೊಳ್ಳಿ. ಸಿಗುವ ಎಳೆತ 20 ನ್ಯೂಟನ್. ಗಾಳಿಗೆ ಸುರಿದ ಶಕ್ತಿ 200 ವ್ಯಾಟ್. ಈಗ 2 ಕೆಜಿ ಗಾಳಿಯನ್ನು ಬರೀ 10 ಮೀಟರ್ ವೇಗಕ್ಕೆ ತನ್ನಿ. ಎಳೆತ ಅದೇ 20 ನ್ಯೂಟನ್, ಆದರೆ ಶಕ್ತಿ 100 ವ್ಯಾಟ್ ಸಾಕು! ಅರ್ಧಕ್ಕರ್ಧ ಉಳಿತಾಯ. ಎಳೆತ ವೇಗದ ಜೊತೆ ಸಮಸಮವಾಗಿ ಏರುತ್ತದೆ, ಖರ್ಚಾಗುವ ಶಕ್ತಿ ಮಾತ್ರ ವೇಗದ ವರ್ಗದ ಜೊತೆ ಏರುತ್ತದೆ, ಗುಟ್ಟೆಲ್ಲ ಇಷ್ಟೇ. ಚಂದ್ರಗಿರಿ ಹೊಳೆಯಲ್ಲಿ ದೋಣಿ ನಡೆಸುವವರು ಅಗಲದ ಹುಟ್ಟನ್ನು ನಿಧಾನವಾಗಿ ಎಳೆಯುತ್ತಾರೆ, ಸಣ್ಣ ಕೋಲನ್ನು ಜೋರಾಗಿ ಬೀಸುತ್ತಾ ಕೂರುವುದಿಲ್ಲ, ಅಲ್ವಾ?

ಲೆಕ್ಕವನ್ನು ಇನ್ನೂ ಸ್ವಲ್ಪ ಎಳೆದರೆ ಮಜಾ ಬರುತ್ತದೆ. ನಿಂತಲ್ಲೇ ಇರುವ ವಿಮಾನದಲ್ಲಿ ಅದೇ ಪ್ರೊಪೆಲ್ಲರ್ ಇಟ್ಟುಕೊಂಡು ಎಂಜಿನ್ ಶಕ್ತಿಯನ್ನು ಎರಡು ಪಟ್ಟು ಮಾಡಿದರೆ ಎಳೆತ ಹೆಚ್ಚುವುದು ಸುಮಾರು 1.6 ಪಟ್ಟು. ಅದೇ ಎಂಜಿನ್ ಇಟ್ಟುಕೊಂಡು ಪ್ರೊಪೆಲ್ಲರ್ ವ್ಯಾಸವನ್ನು ಎರಡು ಪಟ್ಟು ಮಾಡಿ, ನಿಧಾನವಾಗಿ ತಿರುಗಿಸಿದರೂ ಎಳೆತ ಸುಮಾರು 1.6 ಪಟ್ಟು! ನಿಜ, ಮೂತಿಯ ಕೆಳಗೆ ಜಾಗ ಬೇಕಲ್ಲ, ನೆಲಕ್ಕೆ ತಾಗಬಾರದು. ಅಷ್ಟು ನಿಧಾನ ತಿರುಗಿ ಅಷ್ಟು ತಿರುಚು ಬಲ ಕೊಡುವ ಸಣ್ಣ ಎಂಜಿನ್ ಕೂಡ ಇಲ್ಲ. ಆದರೂ ಜಾಸ್ತಿ ಅಶ್ವಶಕ್ತಿ ಎಂದು ಕುಣಿಯುವ ಮೊದಲು ಈ ಲೆಕ್ಕ ನೆನಪಿರಲಿ.

ಇದನ್ನು ಚೆನ್ನಾಗಿ ಅರಿತಿದ್ದವರು ರೈಟ್ ಸಹೋದರರು. 1903ರಲ್ಲಿ ಅಮೆರಿಕದ ಸ್ಯಾಮ್ಯುಯೆಲ್ ಲ್ಯಾಂಗ್ಲಿ ಸರಕಾರದ ದುಡ್ಡಿನಲ್ಲಿ ದೊಡ್ಡ ವಿಮಾನ ಕಟ್ಟಿಸಿದ. ಚಾರ್ಲ್ಸ್ ಮ್ಯಾನ್ಲಿ ಅದಕ್ಕೆ ಕೊಟ್ಟ ಎಂಜಿನ್ 52 ಅಶ್ವಶಕ್ತಿಯದು, ಆ ಕಾಲಕ್ಕೆ ಅದ್ಭುತ. ಆ ವಿಮಾನ ಅಕ್ಟೋಬರ್ 7ರಂದು ಪೊಟೊಮ್ಯಾಕ್ ನದಿಗೆ ಬಿತ್ತು. ಡಿಸೆಂಬರ್ 8ರಂದು ಮತ್ತೆ ಬಿತ್ತು. ಒಂಬತ್ತು ದಿನ ಕಳೆದು ರೈಟ್ ಸಹೋದರರು ಬರೀ 12 ಅಶ್ವಶಕ್ತಿಯ ಎಂಜಿನ್ನಿನಲ್ಲಿ ಹಾರಿಯೇ ಬಿಟ್ಟರು. ಅವರ ಪ್ರೊಪೆಲ್ಲರ್‌ಗಳು ತಲಾ ಎಂಟೂವರೆ ಅಡಿ ಉದ್ದ, ತಿರುಗುತ್ತಿದ್ದದ್ದು ನಿಮಿಷಕ್ಕೆ ಸುಮಾರು 350 ಸುತ್ತು. ಲ್ಯಾಂಗ್ಲಿ ಬಿದ್ದದ್ದಕ್ಕೆ ಉಡಾವಣೆ, ಚೌಕಟ್ಟಿನ ದುರ್ಬಲತೆ ಇತ್ಯಾದಿ ಬೇರೆ ಕಾರಣಗಳಿವೆ. ಆದರೆ 52 ಅಶ್ವಶಕ್ತಿ ಆ ಯಾವ ಕೊರತೆಯನ್ನೂ ಮುಚ್ಚಲಿಲ್ಲ.

ಎಂಜಿನ್ ವಿಷಯ ಬಂದಾಗ ನಾವು ವಿಮಾನ ಹಾರಿಸುವ ಪದವಿನಲ್ಲಿ (ಎತ್ತರದ ಬಯಲಿನಲ್ಲಿ) ಸುತ್ತ ನಿಂತವರಲ್ಲಿ ಒಬ್ಬರಾದರೂ ‘ನಮ್ಮ ಋಷಿಗಳ ಪಾದರಸದ ಎಂಜಿನ್’ ತೆಗೆಯುತ್ತಾರೆ. ವೈಮಾನಿಕ ಶಾಸ್ತ್ರ ಎಂಬ ಪುಸ್ತಕದ ಹೆಸರೂ ಬರುತ್ತದೆ. 1974ರಲ್ಲೇ ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯ ಐವರು ಅದನ್ನು ಕೂತು ಓದಿ, ಅದು 1904ಕ್ಕಿಂತ ಹಳೆಯದಲ್ಲ, ಅದರ ಯಾವ ವಿಮಾನವೂ ಹಾರಲಾರದು ಎಂದು ಬರೆದಿದ್ದಾರೆ. ಐವತ್ತು ವರ್ಷ ಆಯಿತು, ವಾಟ್ಸಾಪ್‌ಗೆ ಇನ್ನೂ ಸುದ್ದಿ ಮುಟ್ಟಿಲ್ಲ. ಆಯುಧ ಪೂಜೆಗೆ ವಿಮಾನದ ಮುಂದೆ ನಿಂಬೆಹಣ್ಣು ಇಡಿ, ನನ್ನದೇನೂ ತಕರಾರಿಲ್ಲ. ಮೂತಿಗೆ ಕಟ್ಟಿ ಹಾರಿಸಬೇಡಿ ಅಷ್ಟೇ, ಭಾರಕೇಂದ್ರ ಮುಂದೆ ಹೋಗುತ್ತದೆ.

ಭಾರಕೇಂದ್ರ, ಅಂದರೆ ವಿಮಾನ ಸಮತೂಗಿ ನಿಲ್ಲುವ ಬಿಂದು, ತಮಾಷೆಯ ಮಾತಲ್ಲ. ಸಾಮಾನ್ಯ ತರಬೇತಿ ವಿಮಾನದಲ್ಲಿ ಅದು ರೆಕ್ಕೆಯ ಮುಂಚೂಣಿ ಅಂಚಿನಿಂದ ರೆಕ್ಕೆಯ ಅಗಲದ (ಮುಂದಿನ ಅಂಚಿನಿಂದ ಹಿಂದಿನ ಅಂಚಿಗೆ) ಕಾಲು ಭಾಗ ಮತ್ತು ಮೂರನೇ ಒಂದು ಭಾಗದ ನಡುವೆ ಇರಬೇಕು. ನೀವು 150 ಗ್ರಾಂ ಜಾಸ್ತಿ ತೂಕದ ಎಂಜಿನ್ ಹಾಕಿದಿರಿ ಅನ್ನಿ. ಅದು ಭಾರಕೇಂದ್ರದಿಂದ 25 ಸೆಂಮೀ ಮುಂದಿದೆ. ಬಾಲ 75 ಸೆಂಮೀ ಹಿಂದಿದ್ದರೆ ಅಲ್ಲಿ 50 ಗ್ರಾಂ ಸೀಸ ಅಂಟಿಸಬೇಕು. ಒಟ್ಟು 200 ಗ್ರಾಂ ಹೆಚ್ಚಾಯಿತು. ಹಾರಲು ಜಾಸ್ತಿ ವೇಗ ಬೇಕು, ಇಳಿಯುವಾಗಲೂ ಜಾಸ್ತಿ ವೇಗ. ನಮ್ಮ ಮುರಕಲ್ಲಿನ ಪದವುಗಳು ವಿಮಾನ ಹಾರಿಸಲು ವಿಶಾಲ, ಮರವಿಲ್ಲ, ಚೆಂದ. ಆದರೆ ನೆಲ ಅರದ ಹಾಗಿದೆ, ಜೋರಾಗಿ ಇಳಿದರೆ ಚಕ್ರದ ಕಾಲು ಕಿತ್ತು ಬರುತ್ತದೆ.

ಹಾಗಾದರೆ ಏನು ಕೊಳ್ಳುವುದು? ಮೊದಲ ಬಾರಿ ಆದರೆ ಬ್ಯಾಟರಿಯ ಮೋಟಾರು. ಕೆಜಿಗೆ 200ರಿಂದ 250 ವ್ಯಾಟ್ ಇದ್ದರೆ ಸಾಕು. ಮೋಟಾರಿನ ಮೇಲೆ ಬರೆದಿರುವ ಕೆವಿ ಸಂಖ್ಯೆ ನೋಡಿ ಮೋಸ ಹೋಗಬೇಡಿ. ಅದು ಶಕ್ತಿಯ ಅಳತೆಯಲ್ಲ, ಭಾರವಿಲ್ಲದಾಗ ಒಂದು ವೋಲ್ಟಿಗೆ ನಿಮಿಷಕ್ಕೆ ಎಷ್ಟು ಸುತ್ತು ಎಂಬುದು ಅಷ್ಟೇ. 2200 ಕೆವಿ ಎಂದರೆ ಸಣ್ಣ ಪ್ರೊಪೆಲ್ಲರನ್ನು ವೇಗವಾಗಿ ಸುತ್ತುವ ಮೋಟಾರು. 800 ಕೆವಿ ದೊಡ್ಡದನ್ನು ನಿಧಾನವಾಗಿ ಸುತ್ತುತ್ತದೆ. ಮೇಲಿನ ದೋಣಿ ಲೆಕ್ಕ ಗೊತ್ತಿರುವವರಿಗೆ ಯಾವುದು ಬೇಕೆಂದು ಗೊತ್ತಾಗುತ್ತದೆ.

ಶಬ್ದ, ಹೊಗೆ, ವಾಸನೆ ಬೇಕೇ ಬೇಕು ಎನ್ನುವವರಿಗೆ ಗ್ಲೋ ಎಂಜಿನ್. ಎರಡೂವರೆ ಕೆಜಿಯ ತರಬೇತಿ ವಿಮಾನಕ್ಕೆ 40 ನಂಬರಿನದು. 40 ಎಂದರೆ 0.40 ಘನ ಇಂಚು, ಸುಮಾರು 6.5 ಸಿಸಿ. ಅದಕ್ಕೆ 10 ಇಂಚು ವ್ಯಾಸ, 6 ಇಂಚು ಪಿಚ್ ಇರುವ ಪ್ರೊಪೆಲ್ಲರ್. ಒಂದು ಸುತ್ತಿಗೆ 6 ಇಂಚು ಮುಂದೆ ಹೋಗುವ ತಿರುಪು ಎಂದು ಲೆಕ್ಕ. ನಿಮಿಷಕ್ಕೆ 11,000 ಸುತ್ತು ತಿರುಗಿದರೆ ಗಂಟೆಗೆ 100 ಕಿಮೀ ಆಗುತ್ತದೆ, ಕಲಿಯುವವರಿಗೆ ಧಾರಾಳ. ಪ್ರೊಪೆಲ್ಲರ್ ತುದಿ ಮಾತ್ರ ಗಂಟೆಗೆ 500 ಕಿಮೀ ದಾಟಿ ಓಡುತ್ತಿರುತ್ತದೆ, ಎಂಜಿನ್ ಚಾಲೂ ಆದ ಮೇಲೆ ಇಂಧನ ಹೆಚ್ಚುಕಡಿಮೆ ಮಾಡುವ ಸೂಜಿ ಕವಾಟ ತಿರುಗಿಸಬೇಕಾದರೆ ಹಿಂದಿನಿಂದ ಕೈ ಹಾಕಿ.

ಈ ಎಂಜಿನ್ನಿಗೆ ಕಿಡಿ ಕೊಡುವ ಏರ್ಪಾಟೇ ಇಲ್ಲ ಎಂಬುದು ಸೊಗಸು. ಪ್ಲಗ್ಗಿನೊಳಗೆ ಪ್ಲಾಟಿನಂ ಲೋಹದ ಒಂದು ಸಣ್ಣ ಸುರುಳಿ. ಶುರುವಿಗೆ ಒಂದೂವರೆ ವೋಲ್ಟಿನ ಬ್ಯಾಟರಿಯಿಂದ ಕಾಯಿಸಿ, ಎಂಜಿನ್ ಓಡಿದ ಮೇಲೆ ಬ್ಯಾಟರಿ ಕಿತ್ತರೂ ಅದು ಕೆಂಪಗೇ ಇರುತ್ತದೆ. ಒತ್ತಿದ ಅನಿಲದ ಬಿಸಿ, ಹಿಂದಿನ ಉರಿಯ ಬಿಸಿ ಉಳಿದಿರುತ್ತದೆ, ಅದರ ಮೇಲೆ ಮೆಥನಾಲ್ ಆವಿ ಪ್ಲಾಟಿನಂ ಮೈ ಮೇಲೆ ತಾನಾಗಿ ಗಾಳಿಯ ಜೊತೆ ಕೂಡಿ ಮತ್ತಷ್ಟು ಬಿಸಿ ಹುಟ್ಟಿಸುತ್ತದೆ. ಪ್ಲಾಟಿನಂ ತಂತಿಯ ಈ ಗುಣವನ್ನು ಇಂಗ್ಲೆಂಡಿನ ರಸಾಯನ ವಿಜ್ಞಾನಿ ಹಂಫ್ರಿ ಡೇವಿ 1817ರಲ್ಲೇ ಕಂಡಿದ್ದ. ಅಮೆರಿಕದ ರೇ ಆರ್ಡೆನ್ 1947ರಲ್ಲಿ ಅದನ್ನು ಮಾದರಿ ಎಂಜಿನ್ನಿಗೆ ತಂದು ಮಾರಾಟಕ್ಕಿಟ್ಟ. ಇಂಧನಕ್ಕೆ ಬೆರೆಸುವುದು ನಮ್ಮ ಹರಳೆಣ್ಣೆ. 80 ಪಾಲು ಮೆಥನಾಲ್, 20 ಪಾಲು ಹರಳೆಣ್ಣೆ, ಇದು ಹಳೆಯ ಮಿಶ್ರಣ. ಮಿನರಲ್ ಎಣ್ಣೆ ಮೆಥನಾಲಿನಲ್ಲಿ ಕರಗುವುದಿಲ್ಲ, ಹರಳೆಣ್ಣೆ ಕರಗುತ್ತದೆ. ಮೆಥನಾಲ್ ಕುಡಿದರೆ ಕಣ್ಣು ಹೋಗುತ್ತದೆ, ಪ್ರಾಣವೂ ಹೋಗುತ್ತದೆ. ಅದರ ಉರಿ ಹಗಲಲ್ಲಿ ಕಣ್ಣಿಗೇ ಕಾಣುವುದಿಲ್ಲ. ನೀರಿನ ಬಾಟಲಿಯಲ್ಲಿ ತುಂಬಿಸಿಡುವವರ ಹತ್ತಿರ ನಾನು ನಿಲ್ಲುವುದಿಲ್ಲ.

ಇನ್ನು ಕೂರಿಸುವ ಕೆಲಸ. ಮೂತಿಯ ಗೋಡೆಗೆ 6 ಮಿಮೀ ಪ್ಲೈವುಡ್, ಹಿಂದೆ ಮೂಲೆಗಳಲ್ಲಿ ತ್ರಿಕೋನ ಕಟ್ಟಿಗೆ, ಎಪಾಕ್ಸಿ ಅಂಟು. ಇಡೀ ಮೂತಿಯ ಒಳಗೂ ತೆಳ್ಳಗೆ ಎಪಾಕ್ಸಿ ಬಳಿಯಿರಿ, ಇಲ್ಲದಿದ್ದರೆ ಎಣ್ಣೆ ಕುಡಿದು ಮರ ಮೆತ್ತಗಾಗುತ್ತದೆ. ಎಂಜಿನ್ ಹಿಡಿದಿಡಲು ಗ್ಲಾಸ್ ಫೈಬರ್ ಬೆರೆಸಿದ ನೈಲಾನ್ ಮೌಂಟ್, ಪ್ಲೈವುಡ್ಡಿನ ಹಿಂದೆ ಹಲ್ಲಿರುವ ನಟ್ಟು, ಬೋಲ್ಟಿಗೆ ಲಾಕ್ ಮಾಡುವ ದ್ರಾವಣ. ಒಂದೇ ಸಿಲಿಂಡರಿನ ಎಂಜಿನ್ ಭಯಂಕರ ನಡುಗುತ್ತದೆ, ಸುಮ್ನೆ ಬಿಗಿದ ಬೋಲ್ಟು ನಿಲ್ಲುವುದಿಲ್ಲ. ಟ್ಯಾಂಕಿನ ಮಧ್ಯಭಾಗ ಸೂಜಿ ಕವಾಟದ ಮಟ್ಟಕ್ಕೆ, ಇಲ್ಲವೇ ಅದಕ್ಕಿಂತ ಒಂದು ಸೆಂಮೀ ಒಳಗೆ ಕೆಳಗಿರಲಿ. ಸುತ್ತ ಸ್ಪಂಜು ಸುತ್ತಿ, ನಡುಕಕ್ಕೆ ಇಂಧನ ನೊರೆಯಾದರೆ ಎಂಜಿನ್ ಕೆಮ್ಮುತ್ತದೆ. ಸಿಲಿಂಡರ್ ಮೇಲ್ಮುಖ ಅಥವಾ ಪಕ್ಕಕ್ಕೆ. ತಲೆಕೆಳಗಾಗಿ ಕೂರಿಸಿದರೆ ನೋಡಲು ಚೆಂದ, ಆದರೆ ಎಣ್ಣೆ ಪ್ಲಗ್ಗಿಗೆ ಇಳಿದು ಸತಾಯಿಸುತ್ತದೆ.

ಎಂಜಿನ್ ನೇರ ಕೂರಬಾರದು ಎಂದಾಗ ಎಲ್ಲರೂ ಹುಬ್ಬೇರಿಸುತ್ತಾರೆ. ಎರಡು ಡಿಗ್ರಿ ಬಲಕ್ಕೆ, ಎರಡು ಡಿಗ್ರಿ ಕೆಳಕ್ಕೆ ಓರೆ ಬೇಕು. ಹಿಂದಿನಿಂದ ನೋಡಿದರೆ ಪ್ರೊಪೆಲ್ಲರ್ ಗಡಿಯಾರದ ದಿಕ್ಕಿಗೆ ತಿರುಗುತ್ತದೆ, ಹಾಗಾಗಿ ವಿಮಾನದ ಮೈ ಎಡಕ್ಕೆ ಉರುಳಲು ನೋಡುತ್ತದೆ. ಗಾಳಿ ಸುರುಳಿಯಾಗಿ ಹಿಂದೆ ಹೋಗಿ ಬಾಲದ ನಿಂತ ರೆಕ್ಕೆಗೆ ಎಡದಿಂದ ಬಡಿಯುತ್ತದೆ, ಮೂತಿ ಎಡಕ್ಕೆ ತಿರುಗುತ್ತದೆ. ಮೂತಿ ಎತ್ತಿ ಏರುವಾಗ ಬಲಗಡೆ ಕೆಳಗಿಳಿಯುವ ಅಲಗು ಗಾಳಿಯನ್ನು ಜಾಸ್ತಿ ಕೋನದಲ್ಲಿ ಕಚ್ಚುತ್ತದೆ, ಅದೂ ಎಡಕ್ಕೇ ಎಳೆಯುತ್ತದೆ. ಮೂರೂ ಒಂದೇ ಕಡೆ! ಬಲಕ್ಕೆ ಓರೆ ಇದಕ್ಕೇ. ಕೆಳಕ್ಕೆ ಓರೆ, ಪೂರ್ತಿ ವೇಗ ಕೊಟ್ಟಾಗ ಮೂತಿ ಮೇಲೇಳದಿರಲಿ ಎಂದು. ರೈಟ್ ಸಹೋದರರು ಒಂದು ಚೈನನ್ನು ಅಡ್ಡ ಹೆಣೆದು ಎರಡು ಪ್ರೊಪೆಲ್ಲರ್‌ಗಳನ್ನು ಎದುರು ಬದುರು ತಿರುಗಿಸಿ ಈ ಕಾಟ ತಪ್ಪಿಸಿದರು. ಆದರೆ ಎಂಜಿನ್ ಮಧ್ಯದಲ್ಲಿ ಕೂರಲಿಲ್ಲ, ಬಲಕ್ಕೆ ಕೂತಿತು, ಎಡಕ್ಕೆ ಮಲಗಿದ ಚಾಲಕನಿಗಿಂತ ಅದರ ತೂಕ ಜಾಸ್ತಿ. ಅದಕ್ಕೆ ಬಲ ರೆಕ್ಕೆಯನ್ನೇ ನಾಲ್ಕು ಇಂಚು ಉದ್ದ ಮಾಡಿದರು. ಎಂಜಿನ್ ಕೂರಿಸುವುದು ಎಷ್ಟು ದೊಡ್ಡ ತಲೆನೋವು ನೋಡಿ.

ನಮಗೆ ವಾಶರ್ ಸಾಕು. ಮೌಂಟಿನ ಬೋಲ್ಟುಗಳ ನಡುವೆ 40 ಮಿಮೀ ಇದ್ದರೆ 1.4 ಮಿಮೀ ದಪ್ಪದ ವಾಶರ್ ಎಂದರೆ ಎರಡು ಡಿಗ್ರಿ. ಬಲಕ್ಕೆ ಓರೆ ಬೇಕಾದರೆ ಎಡ ಬೋಲ್ಟುಗಳ ಹಿಂದೆ, ಕೆಳಕ್ಕೆ ಬೇಕಾದರೆ ಮೇಲಿನ ಬೋಲ್ಟುಗಳ ಹಿಂದೆ. ಪ್ರೊಪೆಲ್ಲರ್ 100 ಮಿಮೀ ಮುಂದಿದ್ದರೆ ತುದಿ ಮೂರೂವರೆ ಮಿಮೀ ಬಲಕ್ಕೆ ಸರಿಯುತ್ತದೆ, ಅದಕ್ಕೆ ಮೌಂಟನ್ನು ಅಷ್ಟೇ ಎಡಕ್ಕೆ ಕೊರೆಯಿರಿ. ಸರಿಯಾಯಿತೋ ಎಂದು ನೋಡಲು ಗಾಳಿ ಕಡಿಮೆ ಇರುವ ಬೆಳಗ್ಗೆ ಹೋಗಿ, ಮಧ್ಯಾಹ್ನ ಕಡಲ ಗಾಳಿ ಎದ್ದ ಮೇಲೆ ಏನೂ ತಿಳಿಯುವುದಿಲ್ಲ. ಡ್ರೋನ್ ಎಲ್ಲಿ ಹಾರಿಸಬಹುದು ಎಂದು ತೋರಿಸುವ ಸರಕಾರದ ಡಿಜಿಟಲ್ ಸ್ಕೈ ನಕ್ಷೆಯಲ್ಲಿ ಜಾಗ ಹಸಿರಾಗಿದೆಯೇ ಎಂದೂ ನೋಡಿ. ಅರ್ಧ ವೇಗದಲ್ಲಿ ವಿಮಾನವನ್ನು ಸಮ ಹಾರಿಸಿ, ರಿಮೋಟಿನಲ್ಲಿ ವಿಮಾನವನ್ನು ತಿರುಗಿಸುವ, ಏರಿಸುವ ಕಡ್ಡಿಗಳನ್ನು ಮುಟ್ಟದೆ ಪೂರ್ತಿ ವೇಗ ಕೊಡಿ. ಮೂತಿ ಎಡಕ್ಕೆ ಹೋದರೆ ಇನ್ನರ್ಧ ಮಿಮೀ ವಾಶರ್, ಸಟಕ್ಕನೆ ಮೇಲೆದ್ದರೆ ಕೆಳ ಓರೆ ಸಾಲದು.

ಸಂಜೆ ಮನೆಗೆ ಹೊರಡುವ ಮೊದಲು ಉಳಿದ ಇಂಧನವನ್ನು ಪೂರ್ತಿ ಉರಿಸಿ ಮುಗಿಸಿ, ಕಾರ್ಬುರೇಟರಿಗೆ ನಾಲ್ಕು ಹನಿ ತೆಳು ಎಣ್ಣೆ ಬಿಟ್ಟು ಪ್ರೊಪೆಲ್ಲರ್ ಕೈಯಲ್ಲಿ ತಿರುಗಿಸಿ. ಮೆಥನಾಲ್ ಗಾಳಿಯ ತೇವ ಹೀರುತ್ತದೆ, ನಮ್ಮ ಕರಾವಳಿಯಲ್ಲಿ ತೇವಕ್ಕೇನೂ ಬರವಿಲ್ಲ, ಹಾಗೇ ಬಿಟ್ಟರೆ ಮಳೆಗಾಲ ಕಳೆದು ತೆಗೆಯುವಾಗ ಬೇರಿಂಗ್ ತುಕ್ಕು ಹಿಡಿದಿರುತ್ತದೆ.