ಆಟ ಮುಗಿದರೂ ಮುಗಿಯದ ಒಪ್ಪಂದಗಳು

2024ರ ನವೆಂಬರಿನಲ್ಲಿ ಕೆನಡಾದ ಡಿಫೆನ್ಸ್ ಆಟಗಾರ ಶಿಯಾ ವೆಬರ್ ಟೊರಾಂಟೊದ ಹಾಕಿ ಹಾಲ್ ಆಫ್ ಫೇಮ್ ಸೇರಿದರು. ಆಟದಿಂದ ದೂರ ಸರಿದವರಿಗೆ ಸಿಗುವ ಗೌರವ ಅದು. ಆದರೆ ವೆಬರ್ ಆಗಿನ್ನೂ ಯೂಟಾ ತಂಡದ ಸಂಬಳದ ಪಟ್ಟಿಯಲ್ಲಿದ್ದರು. ಆ ತಂಡದ ಪರ ಅವರು ಒಂದು ಪಂದ್ಯವನ್ನೂ ಆಡಿದವರಲ್ಲ. ಅದಕ್ಕೆ ಮೊದಲು ಅವರ ಒಪ್ಪಂದವನ್ನು ಪಡೆದಿದ್ದ ವೇಗಸ್ ಮತ್ತು ಅರಿಜೋನಾ ತಂಡಗಳಿಗೂ ಆಡಿರಲಿಲ್ಲ. ಗಾಯಗಳಿಂದ ಜರ್ಜರಿತರಾಗಿ ಅವರು ಕೊನೆಯ ಸಲ ಕಣಕ್ಕಿಳಿದದ್ದು 2021ರ ಜುಲೈನಲ್ಲಿ, ಮಾಂಟ್ರಿಯಲ್ ಪರವಾಗಿ. 2012ರಲ್ಲಿ ಕುದುರಿದ 14 ವರ್ಷದ ಒಪ್ಪಂದ ಮಾತ್ರ ಇನ್ನೂ ಜೀವ ಹಿಡಿದುಕೊಂಡು ತಂಡದಿಂದ ತಂಡಕ್ಕೆ ದಾಟುತ್ತಿತ್ತು.

ಹಾಕಿ ಅಂದಕೂಡಲೇ ನಮಗೆ ಕೊಡಗು ನೆನಪಾಗುತ್ತದೆ; ಇದು ಮಂಜುಗಡ್ಡೆಯ ಮೇಲಿನ ಹಾಕಿ, ಅಮೆರಿಕ ಮತ್ತು ಕೆನಡಾದ ನ್ಯಾಷನಲ್ ಹಾಕಿ ಲೀಗಿನ (ಎನ್‌ಎಚ್‌ಎಲ್) ವಿಷಯ. ಅಲ್ಲಿ ಪ್ರತಿ ತಂಡ ಆಟಗಾರರ ಸಂಬಳಕ್ಕೆ ವರ್ಷಕ್ಕೆ ಇಷ್ಟೇ ಖರ್ಚು ಮಾಡಬೇಕೆಂಬ ಕಟ್ಟುನಿಟ್ಟಿನ ಮಿತಿಯಿದೆ. ಅದೇ ಸ್ಯಾಲರಿ ಕ್ಯಾಪ್. ಐಪಿಎಲ್ ಹರಾಜಿನ ಪರ್ಸ್ ಬಲ್ಲವರಿಗೆ ಇದು ಹೊಸತೆನಿಸದು. ಆದರೆ ಐಪಿಎಲ್‌ನಲ್ಲಿ ಕೆಲವು ವರ್ಷಕ್ಕೊಮ್ಮೆ ಮೆಗಾ ಹರಾಜು ಬಂದು ಹಳೆಯ ಲೆಕ್ಕವನ್ನು ಬಹುಮಟ್ಟಿಗೆ ಅಳಿಸಿಹಾಕುತ್ತದೆ. ಎನ್‌ಎಚ್‌ಎಲ್‌ನಲ್ಲಿ ಅಂಥ ಅಳಿಸುವ ದಿನ ಬರುವುದೇ ಇಲ್ಲ. ಇಪ್ಪತ್ತೇಳರ ಆಟಗಾರನಿಗೆ ಬರೆದುಕೊಟ್ಟ ಕಾಗದವನ್ನು ಅವನು ಮೂವತ್ತೆಂಟಾದಾಗಲೂ ಹೊತ್ತು ನಡೆಯಬೇಕಾದ ಕಾಲವೂ ಇತ್ತು.

ಈ ಮಿತಿ ಹುಟ್ಟಿದ್ದೇ ಜಗಳದಲ್ಲಿ. ಮಾಲೀಕರಿಗೂ ಆಟಗಾರರ ಸಂಘಕ್ಕೂ ಹೊಂದಾಣಿಕೆಯಾಗದೆ 2004-05ರ ಋತುವಿಗೆ ಋತುವೇ ರದ್ದಾಯಿತು. 2005ರ ಜುಲೈನಲ್ಲಿ ರಾಜಿಯಾದಾಗ ಆಗಲೇ ಇದ್ದ ಒಪ್ಪಂದಗಳ ಸಂಬಳ ಶೇ 24ರಷ್ಟು ಕಡಿತಗೊಂಡಿತು, ತಂಡವೊಂದಕ್ಕೆ 3.9 ಕೋಟಿ ಡಾಲರ್‌ಗಳ ಮಿತಿ ಬಂತು. ಅದಕ್ಕೆ ಪ್ರತಿಯಾಗಿ ಆಟಗಾರರು ಪಡೆದ ಒಂದು ಸೌಲಭ್ಯಕ್ಕೆ ಆಗ ಅಷ್ಟು ಪ್ರಚಾರ ಸಿಗಲಿಲ್ಲ. ಮೊದಲು 31 ವಯಸ್ಸಿಗೆ ಸಿಗುತ್ತಿದ್ದ, ತನಗೆ ಬೇಕಾದ ತಂಡ ಸೇರುವ ಪೂರ್ಣ ಸ್ವಾತಂತ್ರ್ಯ ಹಂತಹಂತವಾಗಿ 27ಕ್ಕೆ ಇಳಿಯಿತು. ಅಂದರೆ ಆಟಗಾರ ತನ್ನ ಉತ್ತುಂಗದಲ್ಲಿ, ಅಥವಾ ಅದನ್ನು ಆಗತಾನೇ ದಾಟಿ, ಮಾರುಕಟ್ಟೆಗೆ ಬರತೊಡಗಿದ. ಅಲ್ಲಿಂದ ಮುಂದೆ ತಂಡಗಳು ಕೊಳ್ಳುತ್ತಿದ್ದದ್ದು ಇಳಿಜಾರಿನ ವರ್ಷಗಳನ್ನು.

ನಿಯಮದಲ್ಲಿ ಒಂದು ಬಿರುಕಿತ್ತು. ಆಟಗಾರನಿಗೆ ಈ ವರ್ಷ ಕೈಗೆ ಎಷ್ಟು ಕೊಟ್ಟಿರಿ ಎಂಬುದು ಕ್ಯಾಪ್ ಲೆಕ್ಕಕ್ಕೆ ಬರುವುದಿಲ್ಲ. ಒಪ್ಪಂದದ ಒಟ್ಟು ಮೊತ್ತವನ್ನು ವರ್ಷಗಳಿಂದ ಭಾಗಿಸಿದ ಸರಾಸರಿ ಮಾತ್ರ ಬರುತ್ತದೆ. ಇದಕ್ಕೇ ಕ್ಯಾಪ್ ಹಿಟ್ ಎನ್ನುವುದು. ಹಾಗಿದ್ದರೆ ಕೊನೆಗೆ ನಾಲ್ಕೈದು ಪುಡಿಗಾಸಿನ ವರ್ಷಗಳನ್ನು ಜೋಡಿಸಿದರೆ ಸರಾಸರಿ ತಾನಾಗಿ ಕುಸಿಯುತ್ತದಲ್ಲ! ವಕೀಲರಿಗೂ ಏಜೆಂಟರಿಗೂ ಇದು ಹೊಳೆಯಲು ಬಹಳ ಕಾಲ ಹಿಡಿಯಲಿಲ್ಲ.

2009ರಲ್ಲಿ ಷಿಕಾಗೊ ತಂಡ ಸ್ಲೊವಾಕಿಯಾದ ಮರಿಯನ್ ಹೋಸಾ ಜೊತೆ 12 ವರ್ಷಕ್ಕೆ ಸಹಿ ಮಾಡಿಕೊಂಡಿತು. ಮೊದಲ ಏಳು ವರ್ಷ ವರ್ಷಕ್ಕೆ 79 ಲಕ್ಷ ಡಾಲರ್, ಕೊನೆಯ ನಾಲ್ಕು ವರ್ಷ ತಲಾ 10 ಲಕ್ಷ. ಕ್ಯಾಪ್ ಹಿಟ್ 52.75 ಲಕ್ಷ. ಅಂದರೆ ಹೋಸಾ ಭರದಲ್ಲಿ ಆಡುತ್ತಿದ್ದಾಗ ತಂಡಕ್ಕೆ ಪ್ರತಿವರ್ಷ 26 ಲಕ್ಷದಷ್ಟು ಹೆಚ್ಚುವರಿ ಜಾಗ. ಅಷ್ಟರಲ್ಲಿ ಇನ್ನೊಬ್ಬ ಒಳ್ಳೆಯ ಆಟಗಾರ ಬರುತ್ತಿದ್ದ. 2010, 2013, 2015ರಲ್ಲಿ ಷಿಕಾಗೊ ಲೀಗಿನ ಚಾಂಪಿಯನ್ ಪಟ್ಟವಾದ ಸ್ಟ್ಯಾನ್ಲಿ ಕಪ್ ಗೆದ್ದಿತು. ಮೂರು ಕಪ್‌ಗೆ ಇದು ದುಬಾರಿ ಬೆಲೆ ಎಂದು ನನಗಂತೂ ಅನಿಸುವುದಿಲ್ಲ. 2017ರಲ್ಲಿ ಚರ್ಮರೋಗದಿಂದ ಹೋಸಾ ಆಟ ನಿಂತಿತು, ಸರಿಯಾಗಿ 10 ಲಕ್ಷದ ವರ್ಷಗಳು ಶುರುವಾಗುವ ಹೊತ್ತಿಗೆ. ಮರುವರ್ಷ ಅವರ ಒಪ್ಪಂದ ಅರಿಜೋನಾ ಪಾಲಾಯಿತು.

2010ರಲ್ಲಿ ನ್ಯೂಜೆರ್ಸಿ ತಂಡ ಎಲ್ಲೆ ಮೀರಿತು. ರಷ್ಯಾದ ಇಲ್ಯಾ ಕೊವಲ್ಚುಕ್‌ಗೆ 17 ವರ್ಷ, 10.2 ಕೋಟಿ ಡಾಲರ್. ಅದರಲ್ಲಿ 9.5 ಕೋಟಿ ಮೊದಲ ಹತ್ತು ವರ್ಷಕ್ಕೇ ಸಂದಾಯ. ಕೊನೆಯ ಐದು ವರ್ಷ ತಲಾ ಐದೂವರೆ ಲಕ್ಷ. ಒಪ್ಪಂದ ಮುಗಿಯುವಾಗ ಅವರಿಗೆ 44 ವಯಸ್ಸು. ಆ ವಯಸ್ಸಿನಲ್ಲಿ ಅಷ್ಟು ಸಂಬಳಕ್ಕೆ ಅವರು ಸ್ಕೇಟ್ ಕಟ್ಟುತ್ತಾರೆಂದು ಸಹಿ ಹಾಕಿದ ಯಾರೂ ನಂಬಿರಲಾರರು. ಲೀಗ್ ಒಪ್ಪಂದವನ್ನು ತಿರಸ್ಕರಿಸಿತು. ಮಧ್ಯಸ್ಥಗಾರ ರಿಚರ್ಡ್ ಬ್ಲಾಕ್ ಲೀಗಿನ ಪರ ತೀರ್ಪು ಕೊಟ್ಟರು. ತಂಡಕ್ಕೆ 30 ಲಕ್ಷ ಡಾಲರ್ ದಂಡ ಬಿತ್ತು, ಹೊಸ ಆಟಗಾರರನ್ನು ಆರಿಸಿಕೊಳ್ಳುವ ಡ್ರಾಫ್ಟ್‌ನಲ್ಲಿ ಆಯ್ಕೆಗಳ ನಷ್ಟವೂ ಆಯಿತು. ಅಷ್ಟರಲ್ಲಿ ಅದನ್ನೇ 15 ವರ್ಷ, 10 ಕೋಟಿಗೆ ತಿದ್ದಿ ಬರೆದದ್ದಕ್ಕೆ ಒಪ್ಪಿಗೆ ಸಿಕ್ಕಿತ್ತು. ಎರಡು ವರ್ಷ ಎಷ್ಟು ವ್ಯತ್ಯಾಸ ಮಾಡಿತೋ! ಕೊವಲ್ಚುಕ್ 2013ರಲ್ಲೇ ಲೀಗಿನಿಂದ ನಿವೃತ್ತಿ ಘೋಷಿಸಿ, ಬರಬೇಕಿದ್ದ 7.7 ಕೋಟಿ ಡಾಲರ್ ಬಿಟ್ಟು, ರಷ್ಯಾದಲ್ಲಿ ಆಡಲು ಹೊರಟುಹೋದರು.

2012ರ ಜುಲೈ 4ರಂದು ಮಿನ್ನೆಸೋಟಾ ವೈಲ್ಡ್ ತಂಡ ಒಂದೇ ದಿನ ಇಬ್ಬರನ್ನು ಬುಟ್ಟಿಗೆ ಹಾಕಿಕೊಂಡಿತು: ಝ್ಯಾಕ್ ಪರೀಸಿ ಮತ್ತು ರಯಾನ್ ಸೂಟರ್. ಇಬ್ಬರಿಗೂ 13 ವರ್ಷ, ತಲಾ 9.8 ಕೋಟಿ ಡಾಲರ್. ಅದೇ ತಿಂಗಳು ಫಿಲಡೆಲ್ಫಿಯಾ ವೆಬರ್ ಎದುರು 14 ವರ್ಷ, 11 ಕೋಟಿ ಡಾಲರ್‌ನ ಕಾಗದ ಇಟ್ಟಾಗ, ಆಟಗಾರನನ್ನು ಕಳೆದುಕೊಳ್ಳಲಾರದ ನ್ಯಾಶ್‌ವಿಲ್ ಅಷ್ಟನ್ನೂ ತಾನೇ ಕೊಡಲು ಒಪ್ಪಿತು. ಇನ್ನು ಎರಡು ತಿಂಗಳು ಕಳೆಯುವಷ್ಟರಲ್ಲಿ ಮಾಲೀಕರು ರಿಂಕ್‌ಗಳ (ಮಂಜುಗಡ್ಡೆಯ ಕಣಗಳ) ಬಾಗಿಲು ಮುಚ್ಚಿ ಆಟ ನಿಲ್ಲಿಸಿದರು. ಅವರ ಮುಖ್ಯ ಬೇಡಿಕೆಗಳಲ್ಲೊಂದು ಒಪ್ಪಂದಗಳ ಅವಧಿಗೆ ಮಿತಿ ಬೇಕೆಂಬುದು. ಬೇಸಿಗೆಯಲ್ಲಿ ತಾವೇ ಬರೆದುಕೊಟ್ಟದ್ದರಿಂದ ಚಳಿಗಾಲದಲ್ಲಿ ತಮ್ಮನ್ನು ಯಾರಾದರೂ ಕಾಪಾಡಲಿ ಎಂಬ ಮೊರೆ.

2013ರ ಜನವರಿಯಲ್ಲಿ ಆದ ರಾಜಿಯಂತೆ ಸ್ವಂತ ಆಟಗಾರನಿಗೆ ಗರಿಷ್ಠ 8 ವರ್ಷ, ಹೊರಗಿನವನಿಗೆ 7 ವರ್ಷ. ಸಂಬಳ ವರ್ಷದಿಂದ ವರ್ಷಕ್ಕೆ ಶೇ 35ಕ್ಕಿಂತ ಹೆಚ್ಚು ಏರಿಳಿಯುವಂತಿಲ್ಲ. ಅತಿ ಕಡಿಮೆ ವರ್ಷ ಅತಿ ಹೆಚ್ಚಿನ ವರ್ಷದ ಅರ್ಧಕ್ಕಿಂತ ಕೆಳಗಿಳಿಯುವಂತಿಲ್ಲ. ಇಷ್ಟು ಮುಂದಿನವರಿಗೆ. ಹಿಂದೆ ಸಹಿಯಾದ ಒಪ್ಪಂದಗಳಿಗೂ ತಾಕುವಂತೆ ‘ರೀಕ್ಯಾಪ್ಚರ್’ ಎಂಬ ವಸೂಲಿ ನಿಯಮ ಬಂತು. ಉದ್ದ ಒಪ್ಪಂದದ ಆಟಗಾರ ಅವಧಿಗೆ ಮುನ್ನ ನಿವೃತ್ತನಾದರೆ, ಕೊಟ್ಟ ಸಂಬಳಕ್ಕೂ ಕ್ಯಾಪ್ ಹಿಟ್‌ಗೂ ನಡುವೆ ತಂಡ ಉಳಿಸಿಕೊಂಡಿದ್ದಷ್ಟನ್ನು ಉಳಿದ ವರ್ಷಗಳಲ್ಲಿ ಅದರ ಕ್ಯಾಪ್‌ನಿಂದ ಕಳೆಯುವುದು. ಲೀಗ್ ಅಂದು ಮಂಜೂರು ಮಾಡಿದ್ದ ಒಪ್ಪಂದಕ್ಕೆ ಇಂದು ಶಿಕ್ಷೆ ಎಂದರೆ ತಂಡಗಳಿಗೆ ಹೇಗಾಗಬೇಡ? ಗೋಲ್‌ಕೀಪರ್ ರಾಬರ್ಟೊ ಲುವಾಂಗೊ 2019ರಲ್ಲಿ ನಿವೃತ್ತರಾದಾಗ, ಐದು ವರ್ಷ ಹಿಂದೆಯೇ ಅವರನ್ನು ಕಳುಹಿಸಿಕೊಟ್ಟಿದ್ದ ವ್ಯಾಂಕೂವರ್ ಮೂರು ಋತು ತಲಾ 30 ಲಕ್ಷ ಡಾಲರ್‌ಗೂ ಹೆಚ್ಚು ಜಾಗ ಕಳೆದುಕೊಂಡಿತು. ವೆಬರ್ ಒಂದು ವರ್ಷ ಬಾಕಿಯಿರುವಾಗ ನಿವೃತ್ತರಾಗಿದ್ದರೆ ನ್ಯಾಶ್‌ವಿಲ್‌ಗೆ ಒಂದೇ ಋತುವಿನಲ್ಲಿ ಸುಮಾರು 2.46 ಕೋಟಿಯ ಹೊಡೆತ ಬೀಳುವ ಲೆಕ್ಕವಿತ್ತು. ಅಂಥ ಅತಿರೇಕವನ್ನು ಮುಂದೆ, 2020ರಲ್ಲಿ, ತಿದ್ದಬೇಕಾಯಿತು.

ಇದರ ಫಲವಾಗಿ ನಿವೃತ್ತಿ ಎಂಬ ಮಾತೇ ನಿಷಿದ್ಧವಾಯಿತು. ದೇಹ ಸೋತವರು ‘ದೀರ್ಘಕಾಲದ ಗಾಯಾಳು’ ಪಟ್ಟಿಗೆ ಹೋಗತೊಡಗಿದರು. ಕಣ್ಣಿಗೆ, ತಲೆಗೆ ಪೆಟ್ಟು ಬಿದ್ದು 2011ರಲ್ಲೇ ಆಟ ನಿಲ್ಲಿಸಿದ್ದ ಕ್ರಿಸ್ ಪ್ರಾಂಗರ್ ಅಂತೂ ತಂಡವೊಂದರ ಪಟ್ಟಿಯಲ್ಲಿ ಇರುವಾಗಲೇ ಲೀಗಿನ ಆಟಗಾರರ ಸುರಕ್ಷತಾ ವಿಭಾಗದಲ್ಲಿ ಕೆಲಸಕ್ಕೆ ಸೇರಿದರು! ಅರಿಜೋನಾ ಇಂಥ ಹೆಸರುಗಳನ್ನು ಸಂತೋಷದಿಂದಲೇ ಸೇರಿಸಿಕೊಳ್ಳುತ್ತಿತ್ತು: ಪ್ರಾಂಗರ್, ಪಾವೆಲ್ ಡಾಟ್ಸುಕ್, ಹೋಸಾ, ವೆಬರ್. ಕ್ಯಾಪ್‌ಗೆ ಮೇಲ್ಮಿತಿಯಂತೆ ಕೆಳಮಿತಿಯೂ ಇದೆ. ಕಾಸು ಬಿಚ್ಚದ ತಂಡಕ್ಕೆ ಲೆಕ್ಕದಲ್ಲಿ ಭಾರವಾಗಿ, ಜೇಬಿಗೆ ಹಗುರವಾಗಿ ಕೂರುವ ಒಪ್ಪಂದಕ್ಕಿಂತ ಬೇರೆ ವರ ಯಾವುದು?

ಗಾಯಾಳು ಪಟ್ಟಿ ಸೇರಿದರೆ ಸಮಸ್ಯೆ ಮಾಯವೆಂಬ ತಪ್ಪು ತಿಳಿವಳಿಕೆ ಅಭಿಮಾನಿಗಳಲ್ಲಿ ವ್ಯಾಪಕ. ಆ ಕ್ಯಾಪ್ ಹಿಟ್ ಅಳಿಯುವುದಿಲ್ಲ. ಅಷ್ಟರಮಟ್ಟಿಗೆ ಮಿತಿ ಮೀರಲು ಅನುಮತಿ ಸಿಗುತ್ತದೆ, ಅಷ್ಟೆ. ಕ್ಯಾಪ್ ಲೆಕ್ಕ ನಡೆಯುವುದು ದಿನದ ಲೆಕ್ಕದಲ್ಲಿ. ಖರ್ಚಾಗದೆ ಉಳಿದ ಜಾಗ ದಿನದಿನಕ್ಕೆ ಕೂಡುತ್ತ ಹೋಗಿ, ತಂಡಗಳು ಆಟಗಾರರನ್ನು ವಿನಿಮಯ ಮಾಡಿಕೊಳ್ಳುವ, ಋತುವಿನ ಕೊನೆಯ ಟ್ರೇಡ್ ಗಡುವಿನ ಹೊತ್ತಿಗೆ ದೊಡ್ಡ ಆಟಗಾರನನ್ನು ತರುವಷ್ಟಾಗುತ್ತದೆ. ಗಾಯಾಳು ಪಟ್ಟಿಯ ರಿಯಾಯಿತಿ ಬಳಸುತ್ತಿರುವ ತಂಡಕ್ಕೆ ಈ ಉಳಿತಾಯದ ಭಾಗ್ಯವಿಲ್ಲ.

ಮಿನ್ನೆಸೋಟಾಗೆ ಆ ದಾರಿಯೂ ಇರಲಿಲ್ಲ. ಪರೀಸಿ, ಸೂಟರ್ ಇಬ್ಬರೂ ಇನ್ನೂ ಆಡುತ್ತಿದ್ದರು. ಸಂಬಳಕ್ಕೆ ತಕ್ಕಷ್ಟಲ್ಲ, ಹಾಗೆಂದು ಮನೆಗೆ ಹೋಗುವಷ್ಟು ಸೋತೂ ಇರಲಿಲ್ಲ. 2021ರ ಜುಲೈ 13ರಂದು ಜನರಲ್ ಮ್ಯಾನೇಜರ್ ಬಿಲ್ ಗೆರಿನ್ ಇಬ್ಬರನ್ನೂ ಒಟ್ಟಿಗೆ ಬೈಔಟ್ ಮಾಡಿದರು, ಅಂದರೆ ಹಣ ಕೊಟ್ಟು ಒಪ್ಪಂದ ಮುರಿದುಕೊಂಡರು. ನಿಯಮದಂತೆ ಉಳಿದ ಸಂಬಳದ ಮೂರನೇ ಎರಡು ಭಾಗವನ್ನು, ಉಳಿದ ವರ್ಷಗಳ ಎರಡರಷ್ಟು ಕಾಲ ಹಂಚಿ ಕೊಡಬೇಕು. ಒಬ್ಬೊಬ್ಬರಿಗೆ ನಾಲ್ಕು ವರ್ಷಗಳಲ್ಲಿ ಉಳಿದಿದ್ದದ್ದು 1 ಕೋಟಿ ಡಾಲರ್. ಹಾಗಾಗಿ ಎಂಟು ವರ್ಷ, ವರ್ಷಕ್ಕೆ 8.33 ಲಕ್ಷ. ಕೇಳಲು ಅಗ್ಗ. ಆದರೆ ಕ್ಯಾಪ್ ಲೆಕ್ಕ ಬೇರೆ. ಪ್ರತಿವರ್ಷದ ಕ್ಯಾಪ್ ಹಿಟ್ 75.38 ಲಕ್ಷ, ಅದರಿಂದ ಕಳೆಯಲು ಸಿಗುವುದು ಆ ವರ್ಷದ ಸಂಬಳದಲ್ಲಿ ಉಳಿದ ನಗದು ಮಾತ್ರ. ಕೊನೆಯ ಎರಡು ವರ್ಷದ ಸಂಬಳ ತಲಾ 10 ಲಕ್ಷವಷ್ಟೇ ಆಗಿದ್ದರಿಂದ ಉಳಿಯುವುದೇ 1.67 ಲಕ್ಷ. ಮಿಕ್ಕ 73.7 ಲಕ್ಷ ಸತ್ತ ಹಣವಾಗಿ ಕ್ಯಾಪ್‌ನಲ್ಲಿ ಕೂರುತ್ತದೆ. 2012ರಲ್ಲಿ ಸರಾಸರಿ ಇಳಿಸಲೆಂದು ಜೋಡಿಸಿದ ಪುಡಿಗಾಸಿನ ವರ್ಷಗಳೇ ಹೀಗೆ ತಿರುಗಿಬಿದ್ದವು.

ಇಬ್ಬರದೂ ಸೇರಿ 2022-23ರಲ್ಲಿ 1.27 ಕೋಟಿ, ಮುಂದಿನ ಎರಡು ಋತು ತಲಾ 1.47 ಕೋಟಿ ಡಾಲರ್. 2023-24ರ ಮಿತಿ 8.35 ಕೋಟಿ. ಆರರಲ್ಲೊಂದು ಪಾಲಿಗಿಂತ ಹೆಚ್ಚು ಹಣ, ತಂಡದಲ್ಲೇ ಇಲ್ಲದ ಇಬ್ಬರ ಹೆಸರಿನಲ್ಲಿ! ಇದರ ಬೆಲೆ ತೆತ್ತವರು ಕಿರಿಯರು. 2021-22ರಲ್ಲಿ 85 ಅಂಕ (ಹೊಡೆದ ಗೋಲು, ಗೋಲಿಗೆ ಕೊಟ್ಟ ನೆರವು ಸೇರಿ) ಗಳಿಸಿದ್ದ ಕೆವಿನ್ ಫಿಯಾಲಾಗೆ ಕೊಡಲು ಜಾಗವಿಲ್ಲದೆ ಅವರನ್ನು ಲಾಸ್ ಏಂಜಲಿಸ್‌ಗೆ ಬಿಟ್ಟುಕೊಟ್ಟರು. ಅಲ್ಲಿ ಅವರಿಗೆ ಸಿಕ್ಕ ವಾರ್ಷಿಕ ಸರಾಸರಿ 78.75 ಲಕ್ಷ, ಮಿನ್ನೆಸೋಟಾದ ಸತ್ತ ಹಣದ ಸರಿಸುಮಾರು ಅರ್ಧ. 2023ರ ಪ್ಲೇಆಫ್ ಮೊದಲ ಸುತ್ತಿನಲ್ಲಿ ಮಿನ್ನೆಸೋಟಾವನ್ನು ಮನೆಗೆ ಕಳಿಸಿದ್ದು ಡಲ್ಲಾಸ್. ಆ ತಂಡದ ರಕ್ಷಣಾ ಸಾಲಿನಲ್ಲಿ ಸೂಟರ್ ಇದ್ದರು. ಎದುರಾಳಿ ಕಡೆಯ ಆಟಗಾರನಿಗೆ ತಾವೇ ಹಣ ಕೊಡುವ ಭಾಗ್ಯ! ಆದರೂ ಗೆರಿನ್ ಮಾಡಿದ್ದು ಸರಿ ಎನ್ನುವವನು ನಾನು. ನೋವನ್ನು ಮೂರು ಋತುವಿಗೆ ಒತ್ತರಿಸಿದರು, ಅದು ಮುಗಿಯುವ ತಾರೀಖು ಗೊತ್ತಿತ್ತು. ಫಿಯಾಲಾ ಬದಲಿಗೆ ಬಂದ ಬ್ರಾಕ್ ಫೇಬರ್ ತಂಡದ ಬೆನ್ನೆಲುಬಾದರು.

ಹೊಸ ನಿಯಮಗಳಡಿ ಬರೆದ ಒಪ್ಪಂದಗಳೂ ಹಣ್ಣಾಗದೆ ಇರಲಿಲ್ಲ. 2016ರ ಜುಲೈ 1ರ ಒಂದೇ ದಿನ ಮಿಲಾನ್ ಲುಚಿಚ್‌ಗೆ ಎಡ್ಮಂಟನ್ 7 ವರ್ಷ, ಲೂಯಿ ಎರಿಕ್ಸನ್‌ಗೆ ವ್ಯಾಂಕೂವರ್ 6 ವರ್ಷ, 32ರ ಡೇವಿಡ್ ಬ್ಯಾಕಸ್‌ಗೆ ಬಾಸ್ಟನ್ 5 ವರ್ಷ ಕೊಟ್ಟವು. ಮೂವರದೂ ವರ್ಷಕ್ಕೆ 60 ಲಕ್ಷ. ಮಧ್ಯಸ್ಥಗಾರ ಬ್ಲಾಕ್ ತಿರಸ್ಕರಿಸುವಂಥ ಕಣ್ಕಟ್ಟು ಯಾವುದೂ ಇಲ್ಲ. ಹಳೆಯ ಸಾಧನೆಗೆ ಮುಂದಿನ ವರ್ಷಗಳ ಹಣ, ಅಷ್ಟೇ. ಮೂವರನ್ನೂ ಅವಧಿ ಮುಗಿಯುವ ಮೊದಲೇ ದಾಟಿಸಬೇಕಾಯಿತು. ಅದರ ಮೇಲೆ ಕೋವಿಡ್ ಬಂದು ಮಿತಿ 2019-20ರಿಂದ ಮೂರು ಋತು 8.15 ಕೋಟಿಯಲ್ಲೇ ನಿಂತಿತು. ಉದ್ದ ಒಪ್ಪಂದ ಬರೆಯುವ ಮ್ಯಾನೇಜರ್‌ಗಳ ಧೈರ್ಯವೇ ಕ್ಯಾಪ್ ಏರುತ್ತಲೇ ಇರುತ್ತದೆಂಬ ನಂಬಿಕೆ. 80 ಲಕ್ಷದ ಆಟಗಾರ 8.15 ಕೋಟಿಯ ಮಿತಿಯಲ್ಲಿ ಹತ್ತರಲ್ಲೊಂದು ಪಾಲು, ಮಿತಿ 11.35 ಕೋಟಿಯಾದರೆ ಶೇ 7. ಏರಿಕೆ ನಿಂತಾಗ ವಯಸ್ಸಿನ ಭಾರವೆಲ್ಲ ಹಾಗೇ ಹೆಗಲಿಗೆ ಬಿತ್ತು.

ವಯಸ್ಸಾದವರೆಲ್ಲ ಹೊರೆಯಾದರೆಂದು ಹೇಳಲಾಗದು. 2008ರಲ್ಲಿ 13 ವರ್ಷಕ್ಕೆ ಸಹಿ ಹಾಕಿದ ಅಲೆಕ್ಸ್ ಒವೆಚ್ಕಿನ್ ಅದನ್ನು ಪೂರೈಸಿ, ಮುಂದಿನ ಒಪ್ಪಂದದಲ್ಲಿ, 39ರ ವಯಸ್ಸಿನಲ್ಲಿ, ವೇಯ್ನ್ ಗ್ರೆಟ್ಸ್ಕಿಯ ಗೋಲುಗಳ ದಾಖಲೆ ಮುರಿದರು. ಸಿಡ್ನಿ ಕ್ರಾಸ್ಬಿಯ 12 ವರ್ಷದ ಒಪ್ಪಂದ ಕೊನೆಯ ವರ್ಷದಲ್ಲೂ ಪಿಟ್ಸ್‌ಬರ್ಗ್‌ಗೆ ಲಾಭದ್ದೇ ಆಗಿತ್ತು. ತೊಂದರೆಯೆಂದರೆ, ಎಲ್ಲ ಮ್ಯಾನೇಜರ್‌ಗಳೂ ತಮ್ಮ ಆಟಗಾರ ಇನ್ನೊಬ್ಬ ಕ್ರಾಸ್ಬಿ ಎಂದುಕೊಂಡೇ ಸಹಿ ಹಾಕುತ್ತಾರೆ.

ಈಗ ಮಿತಿ ಮತ್ತೆ ಜಿಗಿಯುತ್ತಿದೆ. 2025-26ಕ್ಕೆ 9.55 ಕೋಟಿ, ಅದರ ನಂತರದ ಎರಡು ಋತುಗಳಿಗೆ 10.4 ಮತ್ತು 11.35 ಕೋಟಿಯ ಅಂದಾಜನ್ನು ಲೀಗ್ ಮತ್ತು ಆಟಗಾರರ ಸಂಘ ಮುಂಚಿತವಾಗಿಯೇ ಪ್ರಕಟಿಸಿದವು. 2025ರಲ್ಲಿ ಒಪ್ಪಿಕೊಂಡ ಹೊಸ ಕರಾರು 2026ರ ಸೆಪ್ಟೆಂಬರಿನಿಂದ ಅವಧಿಯನ್ನು ಇನ್ನೂ ಒಂದು ವರ್ಷ ಮೊಟಕು ಮಾಡುತ್ತದೆ: ಸ್ವಂತ ಆಟಗಾರನಿಗೆ 7, ಹೊರಗಿನವನಿಗೆ 6. ಆ ಬಾಗಿಲು ಮುಚ್ಚುವ ಮೊದಲು, 2025ರ ಸೆಪ್ಟೆಂಬರಿನಲ್ಲಿ, ಎಂಟು ವರ್ಷಕ್ಕೆ 13.6 ಕೋಟಿ ಡಾಲರ್‌ನ, ಲೀಗ್ ಚರಿತ್ರೆಯಲ್ಲೇ ಅತಿ ದೊಡ್ಡ ಒಪ್ಪಂದಕ್ಕೆ ಕಿರಿಲ್ ಕಪ್ರಿಜೊವ್ ಸಹಿ ಹಾಕಿದರು. ಬರೆದುಕೊಟ್ಟದ್ದು ಮಿನ್ನೆಸೋಟಾ, 2026ರಲ್ಲಿ ಆರಂಭವಾಗುವ ಅದು ಮುಗಿಯುವಾಗ ಅವರಿಗೆ 37 ವಯಸ್ಸು. ಅದರ ಮೊದಲ ಮೂರು ಋತುಗಳಲ್ಲಿ, 2028-29ರವರೆಗೆ, ಪರೀಸಿ ಮತ್ತು ಸೂಟರ್ ಹೆಸರಿನ, ವರ್ಷಕ್ಕೆ 16.7 ಲಕ್ಷವೂ ಅದೇ ತಂಡದ ಕ್ಯಾಪ್‌ನಲ್ಲಿ ಜಮೆಯಾಗುತ್ತಿರುತ್ತದೆ.