'ದಲಿತ' ಅವಮಾನದ ಪದವೇ?

ಪ್ರಶ್ನೆ: ನಮ್ಮ ತಂದೆ ಈಗಲೂ 'ಹರಿಜನ' ಅಂತಲೇ ಹೇಳುತ್ತಾರೆ, ಅದೇ ಗೌರವ ಎನ್ನುತ್ತಾರೆ. 'ದಲಿತ' ಎಂದರೆ ತುಳಿತಕ್ಕೆ ಸಿಕ್ಕವರು ಎಂದಲ್ಲವೇ? ಯಾವುದು ಸರಿ?

ಉತ್ತರ: ಸಂಸ್ಕೃತದ 'ದಲ್' ಧಾತುವಿಗೆ ಒಡೆ, ಸೀಳು ಎಂದರ್ಥ. ಬೀಸುಕಲ್ಲಿಗೆ ಹಾಕಿದ ತೊಗರಿ ಎರಡು ಹೋಳಾಗಿ ಬೇಳೆಯಾಗುತ್ತದಲ್ಲ, ಅದನ್ನು ಹಿಂದಿಯವರು 'ದಾಲ್' ಎನ್ನುವುದೂ ಇದೇ ಧಾತುವಿನಿಂದ. ಕಾಳು ತಾನಾಗಿ ಒಡೆಯುವುದಿಲ್ಲ, ಮೇಲೊಂದು ಕಲ್ಲು ತಿರುಗುತ್ತಿರುತ್ತದೆ. 'ದಲಿತ' ಎಂದಾಗ ಆ ಕಲ್ಲಿನ ಕಡೆಗೂ ಬೊಟ್ಟು ಮಾಡಿದಂತಾಗುತ್ತದೆ. ನನಗೆ ಈ ಪದದ ಬಲ ಕಾಣುವುದು ಅಲ್ಲೇ.

'ಹರಿಜನ' ಎಂದರೆ ದೇವರ ಮಕ್ಕಳು. ಗಾಂಧೀಜಿ ಆ ಹೆಸರನ್ನು ಬಳಕೆಗೆ ತಂದರು, 1933ರಲ್ಲಿ ಅದೇ ಹೆಸರಿನ ಪತ್ರಿಕೆಯನ್ನೂ ಶುರು ಮಾಡಿದರು. ಉದ್ದೇಶ ಒಳ್ಳೆಯದೇ. ಆದರೆ 1938ರಲ್ಲಿ ಮುಂಬೈ ಶಾಸನಸಭೆಯ ಮಸೂದೆಯೊಂದರಲ್ಲಿ ಆ ಪದ ಬಂದಾಗ ಅಂಬೇಡ್ಕರ್ ವಿರೋಧಿಸಿದರು, ತಮ್ಮ ಪಕ್ಷದವರೊಂದಿಗೆ ಸಭೆಯಿಂದ ಹೊರನಡೆದರು. ಯಾರನ್ನು ಹಾಗೆ ಕರೆಯಲಾಗುತ್ತಿತ್ತೋ ಅವರಲ್ಲಿ ಅನೇಕರ ಒಪ್ಪಿಗೆ ಅದಕ್ಕಿರಲಿಲ್ಲ. ಹೆಸರು ಬದಲಾದರೂ ಬಾವಿಯ ನೀರು ಮುಟ್ಟುವಂತಿರಲಿಲ್ಲ. 1982ರಲ್ಲಿ ಕೇಂದ್ರ ಸರ್ಕಾರವೇ ಜಾತಿ ಪ್ರಮಾಣಪತ್ರಗಳಲ್ಲಿ 'ಹರಿಜನ' ಎಂದು ಬರೆಯಬೇಡಿ ಎಂದು ರಾಜ್ಯಗಳಿಗೆ ಸೂಚಿಸಿತು.

'ದಲಿತ' ಎಂಬುದನ್ನು ಆ ಜನ ತಾವೇ ಎತ್ತಿಕೊಂಡರು. 1972ರಲ್ಲಿ ಮುಂಬೈಯಲ್ಲಿ ದಲಿತ ಪ್ಯಾಂಥರ್ಸ್ ಎಂಬ ಹೋರಾಟದ ಸಂಘಟನೆ ಹುಟ್ಟಿತು. ಅವರ ಪ್ರಣಾಳಿಕೆಯಲ್ಲಿ ಭೂಹೀನ ಕೂಲಿಗಳು, ಹೆಂಗಸರು ಕೂಡ ದಲಿತರೇ. ಅದೇ ದಶಕದಲ್ಲಿ ನಮ್ಮಲ್ಲಿ ಪ್ರೊ. ಬಿ. ಕೃಷ್ಣಪ್ಪ ಮೊದಲಾದವರು ದಲಿತ ಸಂಘರ್ಷ ಸಮಿತಿ ಕಟ್ಟಿದರು. ಕೇರಿಯ ಹುಡುಗರು 'ನಾನು ದಲಿತ' ಎಂದು ತಲೆ ಎತ್ತಿ ಹೇಳಿದ್ದು ಆಗ.

ಬಳಕೆಯ ಮಾತು. ಸರ್ಕಾರಿ ಅರ್ಜಿಯಲ್ಲಿ 'ಪರಿಶಿಷ್ಟ ಜಾತಿ' ಎಂದು ಬರೆಯಿರಿ, ಸಂವಿಧಾನದ ಪದ ಅದು. ಜಾತಿಯ ಕಾಲಂನಲ್ಲಿ ಪಟ್ಟಿಯಲ್ಲಿರುವ ಹೆಸರೇ ಬೇಕು, ಉದಾಹರಣೆಗೆ ಆದಿ ಕರ್ನಾಟಕ. ಬರಹ, ಭಾಷಣ, ಚರ್ಚೆಗಳಲ್ಲಿ 'ದಲಿತ' ಸಲ್ಲುತ್ತದೆ. ಅದು ಬೇಡ ಎನ್ನುವವರೂ ಇದ್ದಾರೆ, ಎದುರಿಗಿರುವವರು ಹಾಗೆಂದರೆ ಅವರ ಮಾತೇ ನಡೆಯಲಿ. ಜಾತಿಯ ಹೆಸರನ್ನು ಬೈಗುಳವಾಗಿ ಬಳಸುವುದಂತೂ 1989ರ ದೌರ್ಜನ್ಯ ತಡೆ ಕಾಯ್ದೆಯಡಿ ಅಪರಾಧವಾಗಬಲ್ಲದು. ಇನ್ನು, ವಿಷಯಕ್ಕೆ ಸಂಬಂಧವೇ ಇಲ್ಲದ ಕಡೆ 'ದಲಿತ ಮೇಷ್ಟ್ರು', 'ದಲಿತ ಡಾಕ್ಟರು' ಯಾಕೆ? ಮೇಷ್ಟ್ರು ಅಂದರೆ ಸಾಕು.

ನಿಮ್ಮ ತಂದೆಯವರ ಮನಸ್ಸಿನಲ್ಲಿ ತಿರಸ್ಕಾರ ಇರಲಿಕ್ಕಿಲ್ಲ. ಅವರು ಬೆಳೆದ ಕಾಲದಲ್ಲಿ ಒಳ್ಳೆಯವರೆಲ್ಲ ಆಡುತ್ತಿದ್ದ ಮಾತೇ ಅದು. 1938ರಲ್ಲಿ ಅಂಬೇಡ್ಕರ್ ಎದ್ದು ನಡೆದದ್ದನ್ನು ಒಮ್ಮೆ ಅವರಿಗೆ ಹೇಳಿ ನೋಡಿ.